ಹುಣಸೆಮರಕ್ಕೆ ಎರಡು ತಲೆ: ಕೊನೆಗೂ ಕಾರಣ ಸಿಕ್ಕಿತು

ಮೂರು ವಾರದಿಂದ ತಲೆ ತಿಂದಿದ್ದ ತೊಂದರೆ ಬಗೆಹರಿಯಿತು. ಕೊಕ್ಕರೆ ಬೆಳ್ಳೂರಿನ ಆಚೆ ಹೊಲಗಳ ಮೇಲೆ ಡ್ರೋನ್ ಹಾರಿಸಿ, ಫೋಟೊಗಳನ್ನು ಜೋಡಿಸಿ ಮಾಡಿದ ನಕ್ಷೆಯಲ್ಲಿ ಪ್ರತಿ ಹುಣಸೆಮರಕ್ಕೂ ಎರಡೆರಡು ತಲೆ ಬರುತ್ತಿತ್ತು. ಕೆಲವು ಕಡೆ ರೆಂಬೆಗಳ ನಡುವೆ ದೊಡ್ಡ ತೂತು. ನೆಲ ಮಾತ್ರ ಬದುಗಳನ್ನು ಎಣಿಸುವಷ್ಟು ಚೊಕ್ಕ.

ಹುಣಸೆಯೇ ಯಾಕೆ ಅಂದರೆ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎರಡೂ ಇಲ್ಲಿ ಗೂಡು ಕಟ್ಟುವುದು ಹೆಚ್ಚಾಗಿ ಅದರ ಮೇಲೆ. ಸುತ್ತ ಎಷ್ಟು ದೊಡ್ಡ ಮರ ಉಳಿದಿವೆ ಅನ್ನುವ ಲೆಕ್ಕ ನನಗೆ ಬೇಕು. ಗೂಡಿನ ಕಾಲದಲ್ಲಿ ಡ್ರೋನ್ ಎತ್ತುವ ಮಾತೇ ಇಲ್ಲ. ಆಷಾಢದಲ್ಲಿ ವಿಪರೀತ ಗಾಳಿ. ಹಾಗಾಗಿ ಸಿಗುವುದು ದಸರಾ ಆಸುಪಾಸಿನ ಕೆಲವೇ ದಿನ. ಅದರಲ್ಲಿ ನಾಲ್ಕು ದಿನ ಅಂಗಡಿಯವರಿಂದ ಹೋಯಿತು. ಡ್ರೋನ್‌ಗೆ ಎರಡೂ ದಿಕ್ಕಿಗೆ ತಿರುಗುವ ರೆಕ್ಕೆ ಬೇಕು, ಅವರು ಎರಡು ಸಲವೂ ಒಂದೇ ದಿಕ್ಕಿನವನ್ನೇ ಕಳಿಸಿದ್ದರು!

ಮೊದಲು ಗಾಳಿಯ ಮೇಲೆ ಅನುಮಾನ. ಎಲೆ ಅಲುಗಾಡಿದರೆ ಫೋಟೊಗಳು ಒಂದಕ್ಕೊಂದು ಹೊಂದುವುದಿಲ್ಲ ಅಲ್ವಾ? ಬೆಳಗ್ಗೆ ಆರೂವರೆಗೆ, ಒಂದೆಲೆಯೂ ಅಲುಗದಾಗ ಹಾರಿಸಿದೆ. ಮತ್ತೆ ಎರಡು ತಲೆ. ಫೋಟೊ ಜೋಡಿಸಿ ನಕ್ಷೆ ಮಾಡುವ ತಂತ್ರಾಂಶ ವೆಬ್‌ಒಡಿಎಂನಲ್ಲಿ ಏನೇನೋ ಬದಲಿಸಿ ರಾತ್ರಿಯಿಡೀ ಓಡಿಸಿದೆ. ಊಹೂಂ.

ಆಮೇಲೆ ಕಾಗದ ಹಿಡಿದು ಕೂತೆ. 40 ಮೀಟರ್ ಎತ್ತರ, 75% ಓವರ್‌ಲ್ಯಾಪ್, ಅಂದರೆ ಒಂದು ಫೋಟೊದಲ್ಲಿ ಬಂದದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಬರಬೇಕು. ಆ 75 ನೆಲದ ಲೆಕ್ಕ. ಮರ 20 ಮೀಟರ್ ಇದ್ದರೆ ಅದರ ತುದಿಗೂ ಡ್ರೋನ್‌ಗೂ ಇರುವ ದೂರ ಅರ್ಧ. ಒಂದು ಫೋಟೊದಲ್ಲಿ ಹಿಡಿಯುವ ಉದ್ದವೂ ಅರ್ಧ. ಕ್ಲಿಕ್ಕುಗಳ ನಡುವಿನ ಅಂತರ ಮಾತ್ರ ಅಷ್ಟೇ. ಅಂದರೆ ಮರದ ತುದಿಯಲ್ಲಿ ಓವರ್‌ಲ್ಯಾಪ್ ಬರೀ 50%! ನಾನು ಅಳೆಯಬೇಕಿದ್ದ ಜಾಗಕ್ಕೇ ಫೋಟೊ ಸಾಲುತ್ತಿರಲಿಲ್ಲ.

ನಿನ್ನೆ 90 ಮೀಟರ್‌ಗೆ ಏರಿಸಿ 85% ಇಟ್ಟೆ. ತುದಿಯಲ್ಲೂ 80ರ ಮೇಲೆ ಸಿಗುತ್ತದೆ. ಒಂದು ಪಿಕ್ಸೆಲ್ ಹಿಡಿಯುವ ನೆಲದ ಅಳತೆ ಒಂದೂವರೆ ಸೆಂಟಿಮೀಟರ್‌ನಿಂದ ಮೂರು ದಾಟಿತು. ಮರ ಎಣಿಸಲು ಅದು ಧಾರಾಳ ಸಾಕು. ಬೆಳಗಿನ ಜಾವ ನಕ್ಷೆ ಬಂತು. ಒಂದು ಮರ, ಒಂದೇ ತಲೆ. ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿದೆ.

ಇದರ ನಡುವೆ ಇನ್ನೊಂದು ಯೋಚನೆ ಹೊಕ್ಕಿದೆ. ಆಷಾಢದ ಗಾಳಿಯನ್ನು ಸುಮ್ನೆ ಬಿಡುವುದೇಕೆ? ದೊಡ್ಡ ಗಾಳಿಪಟಕ್ಕೆ ಹಳೆಯ ಕ್ಯಾಮೆರಾ ಕಟ್ಟಿ ಎತ್ತಬಹುದು. ಡ್ರೋನ್‌ನ ಹಾಗೆ ಹಾರುವಾಗಲೇ ಬ್ಯಾಟರಿ ಮುಗಿದು ಇಳಿದೀತು ಅನ್ನುವ ಚಿಂತೆಯೂ ಇಲ್ಲ. ಬಿದಿರು ಸೀಳಿ ಇಟ್ಟಿದ್ದೇನೆ.

ಬೆಳಗ್ಗೆ ಹೊಲದ ಯಜಮಾನರಿಗೆ ನಕ್ಷೆ ತೋರಿಸಿದೆ. ಬೆರಳಿಟ್ಟು ನೋಡಿದವರು, "ಇವೆರಡು ಹುಣಸೆ ಅಲ್ಲ ಕಣಪ್ಪ, ಹೊಂಗೆ" ಅಂದರು. ಹೊಂಗೆ ಎಲೆ ಉದುರಿಸಿ ತಿಳಿಹಸಿರು ಚಿಗುರುವಾಗ ಹುಣಸೆ ಹಳೆಯ ಹಸಿರಲ್ಲೇ ಇರುತ್ತದೆ. ಬೇರೆ ಮಾಡಲು ಅದೇ ಸರಿಯಾದ ಸಮಯ. ಆದರೆ ಆಗ ಗೂಡುಗಳಲ್ಲಿ ಮರಿಗಳಿರುತ್ತವೆ. ಅದಕ್ಕೇ ಆ ಎಣಿಕೆ ನಡೆದುಕೊಂಡೇ, ನೋಟ್‌ಬುಕ್ ಹಿಡಿದು.