ಸಿಂಪ್ಸನ್ಸ್ ಹೊಸ ಸೀಸನ್‌ಗಳು: ಇಲ್ಲಿವರೆಗಿನ ಲೆಕ್ಕ

ಅಮೆರಿಕದ ಕಾರ್ಟೂನ್ ಶೋ ಸಿಂಪ್ಸನ್ಸ್ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. "ಮೊದಲ ಎಂಟು ಹತ್ತು ಸೀಸನ್ ನೋಡು, ಆಮೇಲಿನದು ಬಿಟ್ಟಾಕು." ಹೀಗೆ ಹೇಳುವವರಲ್ಲಿ ಮುಕ್ಕಾಲು ಜನ ಆಮೇಲಿನದನ್ನು ನೋಡಿಯೇ ಇರುವುದಿಲ್ಲ. ನೋಡದೆ ಹೇಗೆ ಹೇಳೋದು ಅಂತ, ಸುಮಾರು ದಿನಗಳಿಂದ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಸೀಸನ್ 9ರಿಂದ ಮುಂದಕ್ಕೆ ಹಾಕಿಕೊಂಡು ಬರುತ್ತಿದ್ದೇನೆ. ಈಗ 36 ಮುಗಿಯಿತು. ನಡುವೆ ಬೇಕಾದಷ್ಟು ಹಾರಿಸಿದ್ದೇನೆ.

ನಿಯಮ ಒಂದೇ. ಎಪಿಸೋಡ್ 21-22 ನಿಮಿಷ ಇರುತ್ತದೆ. ಮೊದಲ ಜಾಹೀರಾತು ಬರುವ ಜಾಗದವರೆಗೆ ನೋಡುವುದು. ಅಷ್ಟರಲ್ಲಿ ಹಿಡಿಸದಿದ್ದರೆ ಮುಂದಿನದು. ಹಿಡಿಸಿದರೆ ಮಾರನೇ ದಿನ ನೋಟ್‌ಬುಕ್‌ನಲ್ಲಿ ಒಂದು ಸಾಲು. ಎಷ್ಟು ಸಲ ನಕ್ಕೆ ಅನ್ನುವುದು ನನಗೆ ಮುಖ್ಯವಲ್ಲ. ಮಾರನೇ ದಿನ ಕಥೆ ನೆನಪಿದೆಯಾ, ಅಷ್ಟೇ.

ಸೀಸನ್ 9ರಿಂದ 12

ಬಿರುಕು ಬಿಟ್ಟಿದ್ದು ಇಲ್ಲೇ ಅಂತ ಎಲ್ಲರೂ ತೋರಿಸುವ ಎಪಿಸೋಡ್ 1997ರದ್ದು. ಹೆಡ್‌ಮಾಸ್ಟರ್ ಸ್ಕಿನ್ನರ್ ನಿಜವಾದ ಸ್ಕಿನ್ನರ್ ಅಲ್ಲವೇ ಅಲ್ಲ, ಬೇರೆ ಯಾರೋ ಅಂತ ಅದರಲ್ಲಿ ಗೊತ್ತಾಗುತ್ತದೆ. ಸ್ಕಿನ್ನರ್‌ಗೆ ದನಿ ಕೊಡುವ ಹ್ಯಾರಿ ಶಿಯರರ್‌ಗೇ ಅದು ಹಿಡಿಸಿರಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಪೆಟ್ಟು ಅನಿಸಿದ್ದು 1998ರಲ್ಲಿ ಫಿಲ್ ಹಾರ್ಟ್‌ಮನ್ ತೀರಿಕೊಂಡಿದ್ದು. ಅವರು ದನಿ ಕೊಡುತ್ತಿದ್ದ ಪಾತ್ರಗಳಾದ ಟ್ರಾಯ್ ಮೆಕ್ಲೂರ್, ಲಾಯರ್ ಲಯನಲ್ ಹಟ್ಜ್ ಇಬ್ಬರೂ ಅವರ ಜೊತೆಗೇ ಹೋದರು. ಆ ಜಾಗ ಇವತ್ತಿಗೂ ಖಾಲಿ. ಆದರೂ ಈ ನಾಲ್ಕು ಸೀಸನ್ ಆರಾಮಾಗಿ ನೋಡಬಹುದು. ಸಿಂಪ್ಸನ್ ಮನೆಯ ಅಪ್ಪ ಹೋಮರ್ ಸ್ವಲ್ಪ ಜಾಸ್ತಿ ಒರಟಾಗುತ್ತಾನೆ, ಅಷ್ಟೇ.

ಸೀಸನ್ 13ರಿಂದ 22

ನೋಟ್‌ಬುಕ್‌ನಲ್ಲಿ ಈ ಭಾಗ ಹೆಚ್ಚುಕಮ್ಮಿ ಬಿಳಿ. ಕೆಟ್ಟದಾಗಿವೆ ಅಂತಲ್ಲ, ಮಾರನೇ ದಿನಕ್ಕೆ ಏನೂ ಉಳಿಯುವುದಿಲ್ಲ. ಈ ವಾರ ಹೋಮರ್‌ಗೆ ಹೊಸ ಕೆಲಸ, ಮುಂದಿನ ವಾರ ಹೋಮರ್‌ಗೂ ಹೆಂಡತಿ ಮಾರ್ಜ್‌ಗೂ ಜಗಳ, ಅದರ ಮುಂದಿನ ವಾರ ಯಾರೋ ಸೆಲೆಬ್ರಿಟಿ ತಮ್ಮದೇ ಪಾತ್ರದಲ್ಲಿ ಬಂದು ಹೋಗುತ್ತಾರೆ. 2009ರಲ್ಲಿ ಚಿತ್ರ ಎಚ್‌ಡಿ ಆಯಿತು, ಶುರುವಿನ ಟೈಟಲ್ ದೃಶ್ಯ ಹೊಸದಾಯಿತು. ಕಥೆ ಮಾತ್ರ ಅದೇ ಹಳೇದು. 2007ರ 'ಎಟರ್ನಲ್ ಮೂನ್‌ಶೈನ್ ಆಫ್ ದ ಸಿಂಪ್ಸನ್ ಮೈಂಡ್' ಒಂದನ್ನು ಬಿಡಬೇಡಿ. ಹಿಂದಿನ ರಾತ್ರಿ ಏನಾಯಿತು ಅನ್ನುವುದೇ ಹೋಮರ್‌ಗೆ ಮರೆತುಹೋಗಿರುತ್ತದೆ. ಎಮ್ಮಿ ಟಿವಿ ಪ್ರಶಸ್ತಿ ಬಂದಿದ್ದಕ್ಕೆ ನ್ಯಾಯ ಇದೆ.

ಆಮೇಲೆ ನಮ್ಮೂರಿನದು. 2006ರ 'ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್', ಸೀಸನ್ 17. ಹೋಮರ್‌ನ ಧಣಿ ಮಿಸ್ಟರ್ ಬರ್ನ್ಸ್ ತನ್ನ ಅಣು ಸ್ಥಾವರವನ್ನೇ ಬೆಂಗಳೂರಿಗೆ ಔಟ್‌ಸೋರ್ಸ್ ಮಾಡುತ್ತಾನೆ. ಹೋಮರ್ ಇಲ್ಲಿಗೆ ಬಂದು ನೌಕರರಿಗೆ ತಾನೇ ದೇವರು ಅಂದುಕೊಳ್ಳುತ್ತಾನೆ. ಅವನನ್ನು ಹುಡುಕಿಕೊಂಡು ಮನೆಯವರು ನದಿಯಲ್ಲಿ ದೋಣಿ ಹತ್ತಿ ಬರುತ್ತಾರೆ. ಬೆಂಗಳೂರಲ್ಲಿ ದೋಣಿ ಹೋಗೋ ನದಿ ಎಲ್ಲಿದೆ ಸ್ವಾಮಿ? ನದಿ, ಅಣು ಸ್ಥಾವರ ಎರಡೂ ಬೇಕಿದ್ದರೆ ಕಾಳಿ ದಂಡೆಯ ಕೈಗಾಕ್ಕೆ ಹೋಗಬೇಕಿತ್ತು. ಆಗ ಕಾಲ್ ಸೆಂಟರ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ನನ್ನ ಅಕ್ಕನಿಗೆ ತೋರಿಸಿದೆ. ಕಾಲ್ ಸೆಂಟರ್ ಸೀನ್‌ಗೆ ಜೋರಾಗಿ ನಕ್ಕಳು. ದೇವರ ಸೀನ್ ಬಂದಾಗ "ಏನೋ ಇದು, ಬರೀ ಹಾವಾಡಿಗರ ಕಾಲದ ಕಥೆ" ಅಂತ ಎದ್ದು ಹೋದಳು. ಎದ್ದು ಹೋಗಿ ಕೊನೆಯ ಒಳ್ಳೇ ಭಾಗ ತಪ್ಪಿಸಿಕೊಂಡಳು. ಹೋಮರ್ ಇಲ್ಲಿನವರಿಗೆ ಬಿಡುವು, ರಜೆ, ಬೇಗ ನಿವೃತ್ತಿ ಇವೆಲ್ಲ ಕೇಳುವುದನ್ನು ಕಲಿಸಿಬಿಟ್ಟಿರುತ್ತಾನೆ. ಅಮೆರಿಕದ ನೌಕರ ಕಳೆದುಕೊಂಡಿದ್ದೆಲ್ಲ ಬೆಂಗಳೂರಿಗೆ ಬಂದಿರುತ್ತದೆ. ಬರ್ನ್ಸ್ ಸುಮ್ನಿರುತ್ತಾನಾ? ಸ್ಥಾವರವನ್ನು ವಾಪಸ್ ಕಿತ್ತುಕೊಂಡು ಹೋಗುತ್ತಾನೆ.

ಸೀಸನ್ 23ರಿಂದ 32

ನನ್ನ ಪ್ರಕಾರ ಚೇತರಿಕೆ ಶುರುವಾಗುವುದು ಇಲ್ಲಿ. 13ನೇ ಸೀಸನ್‌ನಿಂದ ಅಲ್ ಜೀನ್ ಒಬ್ಬರೇ ಶೋರನ್ನರ್, ಅಂದರೆ ಶೋ ನಡೆಸುವ ಮುಖ್ಯಸ್ಥ. 23ರಿಂದ ಕೆಲವು ಎಪಿಸೋಡ್‌ಗಳನ್ನು ಮ್ಯಾಟ್ ಸೆಲ್ಮನ್ ನೋಡಿಕೊಳ್ಳತೊಡಗಿದರು. ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಸೆಲ್ಮನ್ ಎಪಿಸೋಡ್‌ಗಳಿಗೆ ಒಂದು ಗಟ್ಟಿ ಐಡಿಯಾ ಇರುತ್ತದೆ, ಕೊನೆಯವರೆಗೂ ಅದನ್ನು ಕೈಬಿಡುವುದಿಲ್ಲ. 2015ರ 'ಹ್ಯಾಲೋವೀನ್ ಆಫ್ ಹಾರರ್' ನೋಡಿ. ಭೂತ ಪ್ರೇತ ಏನೂ ಇಲ್ಲ. ಹೆದರಿದ ಮಗಳು ಲೀಸಾ, ಅವಳನ್ನು ಕಾಪಾಡಲು ಒದ್ದಾಡುವ ಅಪ್ಪ, ಮನೆಯ ಅಟ್ಟ. ಇಷ್ಟರಲ್ಲೇ ಕಥೆ ಮುಗಿಯುತ್ತದೆ. ಹೋಮರ್ ಒಳ್ಳೇ ಅಪ್ಪ ಅನ್ನುವುದನ್ನು ಶೋ ಮತ್ತೆ ನೆನಪು ಮಾಡಿಕೊಂಡಿದ್ದು ಇಲ್ಲೇ.

ಕಳೆದುಕೊಂಡಿದ್ದೂ ಇದೆ. 2017ರಲ್ಲಿ ಸಂಗೀತಗಾರ ಆಲ್ಫ್ ಕ್ಲಾಸೆನ್‌ರನ್ನು ತೆಗೆದರು. ಅಂಗಡಿ ನಡೆಸುವ ಭಾರತೀಯ ಪಾತ್ರ ಅಪೂ ವಿಷಯವಂತೂ ಇನ್ನೂ ಕಸಿವಿಸಿ. ಆ ಪಾತ್ರ, ಅದರ ಉಚ್ಚಾರಣೆ ಭಾರತೀಯರನ್ನು ಅಣಕಿಸುತ್ತದೆ ಅನ್ನುವ ಹರಿ ಕೊಂಡಬೋಲು ಅವರ ಡಾಕ್ಯುಮೆಂಟರಿ ಬಂದಿದ್ದು 2017ರಲ್ಲಿ. ಮರುವರ್ಷ ಶೋ ಕೊಟ್ಟ ಉತ್ತರ ಬರೀ ಜಾರಿಕೊಳ್ಳುವ ಮಾತು, ಅದೂ ಪಾಪ ಲೀಸಾ ಬಾಯಲ್ಲಿ. 2020ರಲ್ಲಿ ಬಿಳಿಯ ನಟ ಹ್ಯಾಂಕ್ ಅಜಾರಿಯಾ ಅಪೂಗೆ ದನಿ ಕೊಡುವುದನ್ನು ನಿಲ್ಲಿಸಿದರು. ಅಲ್ಲಿಂದ ಅಪೂ ಮಾತಿಲ್ಲದೆ ಗುಂಪಿನಲ್ಲಿ ನಿಂತಿರುತ್ತಾನೆ. ಒಬ್ಬ ಭಾರತೀಯ ನಟನನ್ನು ಕರೆತಂದು ಅವನಿಗೆ ಒಳ್ಳೇ ಕಥೆ ಬರೆದಿದ್ದರೆ ಆಗುತ್ತಿರಲಿಲ್ವಾ? ಬಾಯಿ ಮುಚ್ಚಿಸಿ ನಿಲ್ಲಿಸಿದ್ದು ನನಗೆ ಆ ಹಳೇ ಉಚ್ಚಾರಣೆಗಿಂತ ಬೇಜಾರು.

ಸೀಸನ್ 33ರಿಂದ 36

ಇಲ್ಲಿ ಹಾರಿಸಿದ್ದು ತೀರಾ ಕಡಿಮೆ. 33ರಿಂದ ಸೆಲ್ಮನ್ ಅವರೇ ಮುಖ್ಯ ಶೋರನ್ನರ್. 'ಪಿಕ್ಸಲೇಟೆಡ್ ಅಂಡ್ ಅಫ್ರೇಡ್' (2022) ಎಪಿಸೋಡ್‌ನಲ್ಲಿ ಹೋಮರ್, ಮಾರ್ಜ್ ಇಬ್ಬರೇ ಹಿಮದ ಕಾಡಿನಲ್ಲಿ ಸಿಕ್ಕಿಬೀಳುತ್ತಾರೆ, ಮೈಮೇಲೆ ಬಟ್ಟೆ ಇಲ್ಲ. ಅವರ ಊರು ಸ್ಪ್ರಿಂಗ್‌ಫೀಲ್ಡ್‌ನ ಜನ ಇಲ್ಲ, ಎರಡನೇ ಕಥೆ ಇಲ್ಲ. ಸಪ್ಪೆಯಾದ ದಾಂಪತ್ಯ ಚಳಿಯಲ್ಲಿ ಬೆಚ್ಚಗಾಗುವುದನ್ನು ಇಷ್ಟು ಸಲೀಸಾಗಿ ಹಳೇ ಸೀಸನ್‌ಗಳಲ್ಲೂ ತೋರಿಸಿರಲಿಲ್ಲ.

ಅದೇ ಸೀಸನ್‌ನ ಕೊನೆಯದು 'ಪೂರ್‌ಹೌಸ್ ರಾಕ್'. ಮಗ ಬಾರ್ಟ್ ಅಪ್ಪನ ಕೆಲಸ ನೋಡಿ, ನನಗೂ ಇದೇ ಬೇಕು ಅನ್ನುತ್ತಾನೆ. ಕಸ ಗುಡಿಸುವವನೊಬ್ಬ, ಹ್ಯೂ ಜಾಕ್‌ಮನ್ ದನಿಯಲ್ಲಿ, ಹಾಡುತ್ತಾ ವಿವರಿಸುತ್ತಾನೆ. ಒಂದೇ ಸಂಬಳದಲ್ಲಿ ಮಹಡಿ ಮನೆ, ಕಾರು, ಮೂರು ಮಕ್ಕಳು ಅನ್ನುವ ಕಾಲ ಹೋಯಿತು ಮಗು ಅಂತ. ಬೆಂಗಳೂರಿನ ಎಪಿಸೋಡ್ ಆದಮೇಲೆ ಇದನ್ನು ನೋಡಬೇಕು. 2006ರಲ್ಲಿ ತಮಾಷೆ ಮಾಡಿ ಮುಗಿಸಿದ ಮಾತನ್ನು 16 ವರ್ಷ ಆದಮೇಲೆ ಬಿಡಿಸಿ ಹೇಳಿದ್ದಾರೆ. ಹೋಮರ್‌ಗೆ ವಯಸ್ಸಾಗುವುದಿಲ್ಲ, ಸುತ್ತಲಿನ ದೇಶಕ್ಕೆ ಆಗುತ್ತದೆ. ಇಷ್ಟು ವರ್ಷ ಓಡಿದ ಶೋಗೆ ಮಾತ್ರ ಮಾಡಲು ಆಗುವ ಕೆಲಸ ಇದು. 1995ರಲ್ಲೇ ನಿಲ್ಲಿಸಿದ್ದರೆ ಈ ಎಪಿಸೋಡ್ ಹುಟ್ಟುತ್ತಲೇ ಇರಲಿಲ್ಲ.

2024ರ 'ಕ್ರಿಮೇನ್ಸ್ ಆಫ್ ದ ಡೇ' ಕೂಡ ಹಾಗೇ. ಹೋಮರ್ ಕುಡಿಯಲು ಹೋಗುವ ಮೋ ಬಾರ್‌ನಲ್ಲಿ ಮೊದಲ ಸೀಸನ್‌ನಿಂದ ಒಬ್ಬ ಲ್ಯಾರಿ ಸುಮ್ನೆ ಕೂತಿರುತ್ತಿದ್ದ. ಅವನು ಸಾಯುತ್ತಾನೆ. ಚರಮ ಭಾಷಣಕ್ಕೆ ನಿಂತಾಗ, ಅವನ ಬಗ್ಗೆ ಹೇಳಲು ಹೋಮರ್ ಗ್ಯಾಂಗ್‌ಗೆ ಒಂದು ವಿಷಯವೂ ಗೊತ್ತಿಲ್ಲ. ನೋಡುವ ನಮಗೂ ಗೊತ್ತಿಲ್ಲ, ಅಲ್ವಾ? ಅವನ ಬೂದಿ ಹಿಡಿದುಕೊಂಡು ಹೊರಡುತ್ತಾರೆ.

ದೂರು ಒಂದಿದೆ, ದನಿಗಳಿಗೆ ವಯಸ್ಸಾಗಿದೆ. ಮಾರ್ಜ್ ದನಿ ಅಲ್ಲಲ್ಲಿ ಒಡೆಯುತ್ತದೆ, ಕೇಳಲು ಕಷ್ಟ. ಬಾರ್ಟ್‌ನ ಗೆಳೆಯ ಮಿಲ್‌ಹೌಸ್‌ಗೆ ದನಿಯಾಗಿದ್ದ ಪಮೇಲಾ ಹೇಡನ್ 2024ರಲ್ಲಿ ನಿವೃತ್ತರಾದರು. 36ರ ಕೊನೆಯ 'ಎಸ್ಟ್ರೇಂಜರ್ ಥಿಂಗ್ಸ್' ಮುಂದಿನ ಕಾಲಕ್ಕೆ ಹಾರಿ ಮಾರ್ಜ್ ಸತ್ತಿರುವುದನ್ನು ತೋರಿಸಿದಾಗ, ಅದು ಬರೀ ಕಥೆ ಅಂತ ಗೊತ್ತಿದ್ದೂ ತಟ್ಟೆ ಬದಿಗಿಟ್ಟೆ.

2025ರಲ್ಲೇ 40ನೇ ಸೀಸನ್‌ವರೆಗೆ ಮುಂದುವರಿಸುವುದಾಗಿ ಹೇಳಿದ್ದಾರೆ, ಹಾಗಾಗಿ ನನ್ನ ಕೆಲಸ ಸದ್ಯಕ್ಕೆ ಮುಗಿಯುವುದಿಲ್ಲ. ಈಗ 37 ಶುರು ಮಾಡಬೇಕು. ಹೊಸಬರಿಗೆ ನನ್ನ ಸಲಹೆ, ಮೊದಲ ಎಂಟು ಆದಮೇಲೆ ಸೀದಾ 33ಕ್ಕೆ ಬನ್ನಿ. 13ರಿಂದ 22ರ ಒಳಗೆ ನಾನು ಹಾರಿಸಬಾರದಿದ್ದ ಎಪಿಸೋಡ್ ಯಾವುದಾದರೂ ಇದ್ದರೆ ಹೇಳಿ, ನೋಡ್ತೀನಿ. ಸೆಲೆಬ್ರಿಟಿ ಬಂದು ಹೋಗುವಂಥದ್ದು ಮಾತ್ರ ಬೇಡ.