ಕರೆಂಟ್ ಹೋದ ಮೇಲೂ 371 ವೋಲ್ಟ್

ಇಂದು ಸಂಜೆ ಮಡಿಕೇರಿಯ ಮಳೆಗೆ ಎಂದಿನಂತೆ ಕರೆಂಟ್ ಹೋಯಿತು. ವಾಲ್ವ್ (ಹಳೆಯ ರೇಡಿಯೋಗಳಲ್ಲಿರುತ್ತಿದ್ದ ಗಾಜಿನ ಕೊಳವೆ) ಆಂಪ್ಲಿಫೈಯರಿಗೆಂದು ನಾನು ಜೋಡಿಸುತ್ತಿರುವ ಪವರ್ ಸಪ್ಲೈ ಮೇಜಿನ ಮೇಲಿತ್ತು. ವಾಲ್ವ್‌ಗಳನ್ನು ಇನ್ನೂ ಸಿಕ್ಕಿಸಿರಲಿಲ್ಲ.

"ಕರೆಂಟೇ ಇಲ್ಲವಲ್ಲ, ಅದನ್ನು ಎತ್ತಿಟ್ಟು ಊಟಕ್ಕೆ ಬಾ" ಎಂದು ಅಮ್ಮ ಕರೆದರು.

ಟಾರ್ಚ್ ಹಿಡಿದು ನೋಡಿದರೆ ಮಲ್ಟಿಮೀಟರ್ 371 ತೋರಿಸುತ್ತಿತ್ತು. ಆಮೇಲೆ 370, ಆಮೇಲೆ 369. ಇಳಿಯುವ ಅವಸರವೇ ಅದಕ್ಕಿರಲಿಲ್ಲ.

ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವುದು 250 ವೋಲ್ಟ್ ಆದರೂ ಡಯೋಡ್ ದಾಟಿ ಬಂದಾಗ, ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಎಸಿ ಅಲೆಯ ತುದಿಯವರೆಗೆ, ಅದರ 1.414 ಪಟ್ಟು, ಅಂದರೆ ಸುಮಾರು 353ರವರೆಗೆ ತುಂಬಿಕೊಳ್ಳುತ್ತದೆ, ಲೋಡ್ (ಕರೆಂಟ್ ಎಳೆಯುವ ವಾಲ್ವ್‌ಗಳು) ಇಲ್ಲದಿದ್ದರೆ ಅಥವಾ ನಮ್ಮ ಲೈನಿನಲ್ಲಿ 230 ದಾಟಿ ಬಂದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಸ್ವಿಚ್ ಹಾಕಿದ ಕೂಡಲೇ ವಾಲ್ವ್ ಬಿಸಿಯಾಗುವವರೆಗೂ ಇದೇ ಸ್ಥಿತಿ. 350 ವೋಲ್ಟಿನ ಕೆಪಾಸಿಟರ್ ಅಗ್ಗವೆಂದು ಕೊಳ್ಳದೆ 450ರದ್ದನ್ನೇ ತಂದದ್ದು ಈ ಯೋಜನೆಯಲ್ಲಿ ನಾನು ತೋರಿದ ಏಕೈಕ ಜಾಣತನವಿರಬೇಕು.

ಏಕೆಂದರೆ ಕರೆಂಟ್ ಹೋದ ಮೇಲೆ ಕೆಪಾಸಿಟರನ್ನು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರನ್ನು ಆಮೇಲೆ ಹಾಕಿದರಾಯಿತು ಎಂದು ಬಿಟ್ಟಿದ್ದವನೂ ನಾನೇ. 47 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಅಡ್ಡಲಾಗಿ 220 ಕಿಲೋಓಮಿನ, 2 ವಾಟಿನ ಒಂದು ರೆಸಿಸ್ಟರ್ ಇದ್ದಿದ್ದರೆ ಸುಮಾರು 20 ಸೆಕೆಂಡಿನಲ್ಲಿ ಆ ಅಂಕಿ 50ಕ್ಕೆ ಇಳಿದಿರುತ್ತಿತ್ತು. ಅಮ್ಮನ ಮಾತನ್ನು ಕೇಳಿ ಅದನ್ನು ಹಾಗೆಯೇ ಎತ್ತಿದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತಾ, ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಮೀಟರ್ ಎರಡಂಕಿಗೆ ಬರುವವರೆಗೂ ಕತ್ತಲಲ್ಲಿ ಕಾದು ನಿಂತೆ.

ಒಳಗೆ ಹೋಗುವಷ್ಟರಲ್ಲಿ ಅಕ್ಕಿ ರೊಟ್ಟಿ ಆರಿ ಗಟ್ಟಿಯಾಗಿತ್ತು.