ಮಂಗಟ್ಟೆ–1: ಬಾಲದ ಭಾರ, ಮೂತಿಯ ಸೀಸ

ನಾಗರಪಂಚಮಿ ಮರುದಿನ

ತೀರ್ಥಹಳ್ಳಿ ಕಡೆ ಹದಿನೈದು ದಿನದಿಂದ ಮಳೆ ಹೊಳವಾಗಿಲ್ಲ. ಅಟ್ಟದ ಮೇಲಿಟ್ಟಿದ್ದ ಫೋಮ್ ಬೋರ್ಡಿನ ಕಾಗದ ಥಂಡಿ ಹಿಡಿದು ಸಿಪ್ಪೆಯ ಹಾಗೆ ಏಳುತ್ತಿದೆ. ನನ್ನ ಮಾದರಿ ವಿಮಾನದ ಎಡ ರೆಕ್ಕೆ ಹೋಯ್ತು. ಬಲ ರೆಕ್ಕೆಯನ್ನು ಬಚ್ಚಲ ಒಲೆಯ ಮೇಲೆ ಹಗ್ಗಕ್ಕೆ ನೇತುಹಾಕಿ ಉಳಿಸಿಕೊಂಡೆ. ಹೊಗೆಗೆ ಹಳದಿಯಾಗಿದೆ, ಆದರೆ ನೆಟ್ಟಗಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಮಂಗಟ್ಟೆ–1 ಅನ್ನೋದು ಬೈಜಿಕ ಸಮ್ಮಿಲನದ (ಹಗುರ ಪರಮಾಣುಗಳ ಬೀಜ ಒಂದಕ್ಕೊಂದು ಕೂಡುವಾಗ ಬರುವ) ಶಕ್ತಿಯಿಂದ ಹಾರುವ, ನಾನೇ ಕಲ್ಪಿಸಿಕೊಂಡು ಮಂಗಟ್ಟೆ ಹಕ್ಕಿಯ ಹೆಸರಿಟ್ಟ ಜೆಟ್. ಕಟ್ಟುತ್ತಿರುವುದು ಅದರ ರೇಡಿಯೋ ಕಂಟ್ರೋಲ್ ಮಾದರಿ: 64 ಮಿ.ಮೀ. ಡಕ್ಟೆಡ್ ಫ್ಯಾನ್ (ಕೊಳವೆಯೊಳಗೆ ತಿರುಗುವ ಫ್ಯಾನ್), ನಾಲ್ಕು ಸೆಲ್ಲಿನ ಲಿಪೋ ಬ್ಯಾಟರಿ. ವಿಮಾನದೊಳಗೆ ಹಿಡಿಸುವಷ್ಟು ಸಣ್ಣ ಸಮ್ಮಿಲನ ರಿಯಾಕ್ಟರ್ ಇದೆ ಅನ್ನೋ ಒಂದು ಸುಳ್ಳನ್ನು ಮಾತ್ರ ನನಗೆ ನಾನೇ ಮಂಜೂರು ಮಾಡಿಕೊಂಡಿದ್ದೇನೆ. ಉಳಿದದ್ದೆಲ್ಲ ಲೆಕ್ಕಕ್ಕೆ ಒಪ್ಪಬೇಕು.

ಎಂಜಿನ್ ಕಷ್ಟ ಕೊಡಲಿಲ್ಲ. ಮಾಮೂಲಿ ಜೆಟ್‌ನಲ್ಲಿ ಒತ್ತಿದ ಗಾಳಿಯೊಳಗೇ ಇಂಧನ ಉರಿಯುತ್ತೆ. ಇಲ್ಲಿ ಆ ಜಾಗದಲ್ಲಿ ಬಿಸಿ ಕೊಳವೆಗಳು. ನಮ್ಮ ಬಚ್ಚಲ ಹಂಡೆಯ ಥರವೇ: ಬೆಂಕಿ ನೀರನ್ನು ಮುಟ್ಟಲ್ಲ, ಕಾವು ಮಾತ್ರ ದಾಟುತ್ತೆ. ಉಬ್ಬಿದ ಗಾಳಿ ಟರ್ಬೈನ್ ತಿರುಗಿಸಿ ಹಿಂದಿನಿಂದ ನುಗ್ಗುತ್ತೆ.

ಕಷ್ಟ ಕೊಟ್ಟಿದ್ದು ನ್ಯೂಟ್ರಾನ್. ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯುಟೀರಿಯಂ, ಟ್ರಿಟಿಯಂ ಕೂಡಿದಾಗ ಬರುವ 17.6 ಎಂಇವಿ (ಕಣಗಳ ಶಕ್ತಿಯ ಅಳತೆ) ಶಕ್ತಿಯಲ್ಲಿ 14.1 ಅದೊಂದರ ಪಾಲು. ಅದಕ್ಕೆ ವಿದ್ಯುದಾವೇಶ ಇಲ್ಲ, ಹಾಗಾಗಿ ಯಾವ ಅಯಸ್ಕಾಂತದ ಮಾತನ್ನೂ ಕೇಳಲ್ಲ. ತಡೆಯಬೇಕೆಂದರೆ ನೀರು, ಪ್ಲಾಸ್ಟಿಕ್‌ನಂಥ ಹೈಡ್ರೋಜನ್ ತುಂಬಿದ ವಸ್ತು ದಪ್ಪಕ್ಕೆ ಬೇಕು. ಜೊತೆಗೆ ಹುಟ್ಟುವ ಗಾಮಾ ಕಿರಣಕ್ಕೆ ಸೀಸ. ಪ್ರೋಟಾನ್–ಬೋರಾನ್ ಸಮ್ಮಿಲನ ಅಂತ ಬರೆದು ತಪ್ಪಿಸಿಕೊಳ್ಳಬಹುದಿತ್ತು. ಅಲ್ಲಿ ಹೊರಬೀಳುವುದು ಮೂರು ಆಲ್ಫಾ ಕಣ, ವಿದ್ಯುದಾವೇಶ ಇರುವುದರಿಂದ ಅಯಸ್ಕಾಂತಕ್ಕೆ ಬಗ್ಗುವಂಥವು. ಆದರೆ ಅದಕ್ಕೆ ಬೇಕಾದ ತಾಪ ಇನ್ನೂ ಎಷ್ಟೋ ಪಾಲು ಹೆಚ್ಚು. ಎರಡನೇ ಸುಳ್ಳಾಗುತ್ತೆ ಅಂತ ಬಿಟ್ಟೆ.

ಹೀಗಾಗಿ ರಿಯಾಕ್ಟರಿನ ಸುತ್ತಲೇ ಪೂರ್ತಿ ಕವಚ ಕೂರಿಸಿ, ಎಲ್ಲವನ್ನೂ ಹಿಂದಕ್ಕೆ ತಳ್ಳಿ, ಪೈಲಟ್‌ನನ್ನು ಮೂತಿಯಲ್ಲಿ ಕೂರಿಸಿದೆ. ಚಿತ್ರದಲ್ಲಿ ಚಂದ ಕಾಣುತ್ತಿತ್ತು.

ಚೌತಿ ಕಳೆದ ಭಾನುವಾರ

ಎಡ ರೆಕ್ಕೆ ಹೊಸದು. ಮಧ್ಯಾಹ್ನ ಅರ್ಧ ಗಂಟೆ ಹೊಳವಾಯ್ತು, ಮೋಟಾರ್ ಹಾಕದೆ ಅಂಗಳದಿಂದ ಎಸೆದು ನೋಡಿದೆ. ಮೂತಿ ಎತ್ತಿತು, ನಿಂತಿತು, ಬಾಲ ಅಡಿಯಾಗಿ ನೆಟ್ಟಿ ಮಾಡಿದ ಗದ್ದೆಗೆ ಬಿತ್ತು. ರಿಯಾಕ್ಟರ್ ಇರಬೇಕಾದ ಕಡೆಗೇ ಬ್ಯಾಟರಿ ಇಟ್ಟಿದ್ದೆನಲ್ಲ, ಬಾಲವೇ ಭಾರ. ಮಾದರಿ ಬಿದ್ದಂತೆ ದೊಡ್ಡ ಮಂಗಟ್ಟೆಯೂ ಬೀಳುತ್ತಿತ್ತು.

ರಾತ್ರಿ ಕರೆಂಟಿಲ್ಲ. ಮೇಣದಬತ್ತಿ ಹಚ್ಚಿಟ್ಟುಕೊಂಡು ಮತ್ತೆ ಲೆಕ್ಕಕ್ಕೆ ಕೂತಾಗ ಅಮೆರಿಕದ ಎನ್‌ಬಿ–36ಎಚ್ ನೆನಪಾಯ್ತು. 1955ರಿಂದ 1957ರವರೆಗೆ ವಿದಳನ (ಪರಮಾಣು ಬೀಜ ಸೀಳುವ) ರಿಯಾಕ್ಟರ್ ಹೊತ್ತು 47 ಸಲ ಹಾರಿದ ವಿಮಾನ. ರಿಯಾಕ್ಟರ್ ಅದನ್ನು ಹಾರಿಸುತ್ತಿರಲಿಲ್ಲ. ವಿಕಿರಣ ಹೇಗೆ ಹರಡುತ್ತೆ ಅಂತ ನೋಡಲಿಕ್ಕೆ ಇಟ್ಟಿದ್ದರು. ಅದರ ಮೂತಿಯಲ್ಲಿದ್ದ ಸಿಬ್ಬಂದಿ ಕೋಣೆಗೇ ಸೀಸ, ರಬ್ಬರಿನ ಕವಚ. ತೂಕ ಇಳಿಸಲು ಕವಚವನ್ನು ಎರಡು ಪಾಲು ಮಾಡಿ ರಿಯಾಕ್ಟರಿಗೊಂದು, ಸಿಬ್ಬಂದಿಗೊಂದು ಕೊಡುವ ಉಪಾಯ ಆ ಕಾಲದಲ್ಲೇ ಇತ್ತು. 1961ರಲ್ಲಿ ಪರಮಾಣು ಶಕ್ತಿಯಿಂದ ವಿಮಾನ ಹಾರಿಸುವ ಆ ಯೋಜನೆಯನ್ನೇ ಕೆನಡಿ ಸರ್ಕಾರ ನಿಲ್ಲಿಸಿತು, ಅದು ಬೇರೆ ಮಾತು.

ನಾನೂ ಪಾಲು ಮಾಡಿದೆ. ಪೈಲಟ್ ಕೋಣೆಯ ಕವಚದ ಲೆಕ್ಕಕ್ಕೆ ಮೀನುಬಲೆಗೆ ಕಟ್ಟುವ ಸೀಸದ ಗುಂಡು 90 ಗ್ರಾಂ ತಂದು ಮೂತಿಗೆ ಅಂಟಿಸಿದೆ. ಅಪ್ಪಯ್ಯ ಜಗುಲಿಯಿಂದಲೇ ನೋಡುತ್ತಿದ್ದರು. "ಹೊಟ್ಟೇಲಿ ಸೂರ್ಯ, ಮೂತೀಲಿ ಸೀಸ. ಎಂಥಾ ಹಕ್ಕಿಯೋ ಮಾರಾಯ ಇದು!" ನಿಜವಾದ ಮಂಗಟ್ಟೆಯ ಕೊಕ್ಕಿನ ಮೇಲಿನ ಕಿರೀಟ ಬರೀ ಟೊಳ್ಳು ಅಂತ ಅವರಿಗೆ ಹೇಳಲಿಲ್ಲ.

ಮರುದಿನ ಸಂಜೆ ಎರಡನೇ ಎಸೆತ. ಅಂಗಳ ದಾಟಿ, ದಣಪೆ ದಾಟಿ, ಹಲಸಿನ ಮರದ ಬುಡದವರೆಗೂ ನೇರ ತೇಲಿತು. ಮೂತಿ ಜಜ್ಜಿದೆ, ಸೀಸ ಅಲ್ಲೇ ಇದೆ.

ಮೋಟಾರ್ ಹಾಕಿ ಹಾರಿಸುವುದು ಕೊಯ್ಲಾದ ಮೇಲೆ ಇದೇ ಗದ್ದೆಯಲ್ಲಿ. ಶಿವಮೊಗ್ಗದ ಗೆಳೆಯ ಅವನ ಊರಿನ ಮೈದಾನಕ್ಕೆ ಕರೆಯುತ್ತಿದ್ದಾನೆ, ಆದರೆ ಅದು ಸೋಗಾನೆ ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರ. ಅಲ್ಲಿಯವರೆಗೆ ಹೊಸ ಮೂತಿ ಮಾಡಬೇಕು, ಈ ಸಲ ಅಡಿಕೆ ಹಾಳೆಯಲ್ಲಿ.